ಎರಡನೇ ಸಲ ಗೆದ್ದವರನ್ನ 'ಲಕ್ಕು' ಅನ್ನಬೇಡಿ

1/8

ಒಂದು ಸೀರಿಯಲ್ ಹಿಟ್ ಆದ್ರೆ "ಲಕ್ಕು ಗುರು" ಅಂತೀರಿ. ಸರಿ, ವಾದಕ್ಕೆ ಒಪ್ಪಿಕೊಳ್ಳೋಣ. ಅದೇ ನಟಿ, ಅದೇ ನಟ ಇನ್ನೊಂದು ಸೀರಿಯಲ್‌ನಲ್ಲಿ ಇನ್ನೊಂದು ಪಾತ್ರ ಮಾಡಿ ಮತ್ತೆ ಹಿಟ್ ಆದ್ರೆ? ಅದಕ್ಕೂ ನಿಮ್ಮ ಹತ್ರ ರೆಡಿ ಉತ್ತರ ಇದೆ: "ಮತ್ತೆ ಸೀರಿಯಲ್ಲಾ? ಪಾಪ, ಸಿನಿಮಾ ಸಿಗಲಿಲ್ಲ ಅನ್ಸುತ್ತೆ."

ಅಂದ್ರೆ ಒಂದು ಸಲ ಗೆದ್ರೆ ಅದೃಷ್ಟ, ಎರಡು ಸಲ ಗೆದ್ರೆ ದುರದೃಷ್ಟ. ಇದು ಯಾವ ಊರಿನ ನ್ಯಾಯ?

ನಮ್ಮ ಕ್ಲಾಸ್ ಗ್ರೂಪಲ್ಲಿ ಯಾರಾದ್ರೂ ಚೂರು ಓವರ್ ಆಗಿ ಅತ್ತರೆ "ಸೀರಿಯಲ್ ಆ್ಯಕ್ಟಿಂಗ್ ಮಾಡ್ಬೇಡ" ಅಂತ ಸ್ಟಿಕರ್ ಬರುತ್ತೆ. ಬೈಗುಳದ ಜಾಗದಲ್ಲಿ ಒಂದು ಕೆಲಸದ ಹೆಸರು ಕೂತಿದೆ. ಆ ಕೆಲಸವನ್ನ ವರ್ಷಗಟ್ಟಲೆ, ವಾರದಲ್ಲಿ ಐದಾರು ದಿನ ಮಾಡೋ ಜನ ಇದ್ದಾರೆ. ಅವರಲ್ಲಿ ಕೆಲವರು ಒಂದು ಸಲ ಗೆದ್ದು, ಆ ಗೆಲುವಿನಿಂದ ಹೊರಗೆ ಬಂದು, ಮತ್ತೆ ಸೊನ್ನೆಯಿಂದ ಶುರು ಮಾಡಿ, ಮತ್ತೆ ಗೆದ್ದಿದ್ದಾರೆ. ಈ ಎಂಟು ಪೋಸ್ಟು ಅವರ ಪರವಾಗಿ. ನಾನು ಹೇಳೋದು ಇಷ್ಟೇ: ಟಿವಿ ನಟನೆಯಲ್ಲಿ ಅಸಲಿ ಪರೀಕ್ಷೆ ಅಂದ್ರೆ ಎರಡನೇ ಸೀರಿಯಲ್ಲು. ಆ ಪರೀಕ್ಷೆಯನ್ನ ಕಷ್ಟ ಮಾಡಿರೋದು ನೋಡೋ ನಾವೇ.

ಪೂರ್ತಿ ಓದಿ. ಆಮೇಲೆ ಕಮೆಂಟಲ್ಲಿ ಜಗಳಕ್ಕೆ ಬನ್ನಿ, ನಾನಿಲ್ಲೇ ಇರ್ತೀನಿ.

2/8

ಮೊದಲ ಗೆಲುವಿನಲ್ಲಿ ನಟರ ಪಾಲು ಎಷ್ಟು ಅಂತ ಅಳೆಯೋದು ನಿಜಕ್ಕೂ ಕಷ್ಟ. ಒಳ್ಳೆ ಸ್ಲಾಟ್ ಸಿಕ್ಕಿರಬಹುದು. ಎದುರಿನ ಚಾನೆಲ್‌ನಲ್ಲಿ ಆ ಹೊತ್ತಿಗೆ ಡಬ್ಬಾ ಕಥೆ ಓಡ್ತಿರಬಹುದು. ಬೇರೆ ಭಾಷೆಯಲ್ಲಿ ಆಗಲೇ ಗೆದ್ದ ಕಥೆಯ ರೀಮೇಕ್ ಆಗಿರಬಹುದು.

'ಪುಟ್ಟಗೌರಿ ಮದುವೆ' ತಗೊಳ್ಳಿ. 2012ರ ಕೊನೆಯಲ್ಲಿ ಶುರುವಾಗಿದ್ದು, ಆಗ ಆ ಚಾನೆಲ್ ಹೆಸರು ಇನ್ನೂ ಈಟಿವಿ ಕನ್ನಡ. ಹಿಂದಿಯ 'ಬಾಲಿಕಾ ವಧು'ವಿನ ಕಥೆ. ಪುಟ್ಟ ಗೌರಿಯಾಗಿ ಸಾನ್ಯಾ ಅಯ್ಯರ್ ಮನೆಮನೆ ಮಾತಾಗಿದ್ಳು. ದೊಡ್ಡ ಗೌರಿಯಾಗಿ ರಂಜನಿ ರಾಘವನ್ ಬಂದಾಗ ಪಾತ್ರಕ್ಕೆ ಆಗಲೇ ಒಂದು ಮುಖ ಇತ್ತು, ಕಥೆಗೆ ಆಗಲೇ ಜನ ಇದ್ರು. ಅದನ್ನ ಬೀಳಿಸದೆ ವರ್ಷಗಟ್ಟಲೆ ನಡೆಸಿಕೊಂಡು ಹೋಗೋದೇ ದೊಡ್ಡ ಕೆಲಸ. ಆದ್ರೂ ಯಾರಾದ್ರೂ "ಕಥೆ ಗೆದ್ದಿದ್ದು, ಅವರಲ್ಲ" ಅಂದ್ರೆ ಅದನ್ನ ಪೂರ್ತಿ ತಳ್ಳಿಹಾಕೋಕೆ ಆಗಲ್ಲ.

2020ರ ಜನವರಿಗೆ ಬನ್ನಿ. ಅದೇ ಚಾನೆಲ್, ಈಗ ಕಲರ್ಸ್ ಕನ್ನಡ. ಸೀರಿಯಲ್ಲು 'ಕನ್ನಡತಿ'. ಪಾತ್ರ ಭುವನೇಶ್ವರಿ, ಕನ್ನಡ ಟೀಚರ್. ಶುರುವಾಗಿ ಎರಡು ತಿಂಗಳಿಗೆ ಲಾಕ್‌ಡೌನ್, ಶೂಟಿಂಗ್ ಬಂದ್. ಹೊಸ ಸೀರಿಯಲ್ಲಿಗೆ ಇದಕ್ಕಿಂತ ಕೆಟ್ಟ ಆರಂಭ ಇರುತ್ತಾ? ಜನಕ್ಕೆ ಪಾತ್ರ ಇನ್ನೂ ಅಭ್ಯಾಸ ಆಗಿರಲಿಲ್ಲ, ಅಷ್ಟರಲ್ಲೇ ಕಣ್ಮರೆ. ವಾಪಸ್ ಬಂದ್ಮೇಲೂ ಜನ ಕೂತು ನೋಡಿದ್ರು. 2023ರ ಫೆಬ್ರವರಿವರೆಗೆ ಓಡ್ತು.

ಗೌರಿ ಸಹಿಸೋಳು. ಭುವಿ ಮಾತಾಡೋಳು, ಅದೂ ಶುದ್ಧ ಕನ್ನಡದಲ್ಲಿ, ಕೇಳೋರಿಗೆ ಪಾಠ ಅನ್ನಿಸದ ಹಾಗೆ. ಕಂತಿನ ಕೊನೆಗೆ ಕನ್ನಡ ಪದಗಳ ಬಗ್ಗೆ ಬರ್ತಿದ್ದ ಪುಟ್ಟ ಭಾಗಕ್ಕೋಸ್ಕರ ಚಾನೆಲ್ ಬದಲಾಯಿಸದೆ ಕೂತವರು ಇದ್ದಾರೆ. ಇಲ್ಲಿ ಮಾತ್ರ "ಕಥೆ ಗೆದ್ದಿದ್ದು" ಅಂತ ಹೇಳಿ ಜಾರಿಕೊಳ್ಳೋಕೆ ಆಗಲ್ಲ. ಕಥೆ ಬೇರೆ, ಪಾತ್ರ ಬೇರೆ, ಕಾಲ ಬೇರೆ. ಎರಡರಲ್ಲೂ ಇದ್ದ ಒಂದೇ ಮುಖ ಯಾವುದು ಅಂತ ನೀವೇ ಹೇಳಿ.

3/8

ಎರಡನೇ ಸೀರಿಯಲ್ ಯಾಕೆ ಅಷ್ಟು ಕಷ್ಟ?

ಒಂದು ಲೆಕ್ಕ ಮಾಡಿ. ವಾರಕ್ಕೆ ಐದು ಕಂತು ಅಂದ್ರೆ ವರ್ಷಕ್ಕೆ 260. 'ಅಗ್ನಿಸಾಕ್ಷಿ' 2013ರ ಡಿಸೆಂಬರ್‌ನಿಂದ 2020ರ ಜನವರಿವರೆಗೆ ಓಡ್ತು. ಆರು ವರ್ಷ! ಅಂದ್ರೆ ಸಾವಿರದೈನೂರರ ಆಸುಪಾಸು ಸಂಜೆ ವೈಷ್ಣವಿ ಗೌಡ ನಮ್ಮನೆ ಹಾಲ್‌ಗೆ ಸನ್ನಿಧಿಯಾಗಿ ಬಂದಿದ್ದಾರೆ. ನಮ್ಮ ಚಿಕ್ಕಪ್ಪ, ದೊಡ್ಡಮ್ಮ ಕೂಡ ಅಷ್ಟು ಸಲ ಬಂದಿಲ್ಲ.

ಸಿನಿಮಾ ನಟರ ಪಾತ್ರ ಎರಡೂವರೆ ಗಂಟೆಗೆ ಮುಗಿಯುತ್ತೆ. ಮುಂದಿನ ಶುಕ್ರವಾರ ಬೇರೆ ಹೆಸರಲ್ಲಿ ಬಂದ್ರೂ ನಾವು ತಕರಾರು ಮಾಡಲ್ಲ. ಸೀರಿಯಲ್ ಹಂಗಲ್ಲ. ಅಜ್ಜಿಗೆ ಆಕೆ ಸನ್ನಿಧಿನೇ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಅಂಗಡಿ ಓಪನಿಂಗಲ್ಲಿ ಜನ ಕೂಗೋದು ಪಾತ್ರದ ಹೆಸರನ್ನ. ನಟಿಯ ಸ್ವಂತ ಹೆಸರು ರೇಷನ್ ಕಾರ್ಡಿಗೆ ಮಾತ್ರ.

ಆಮೇಲೆ 2023ರಲ್ಲಿ ಝೀ ಕನ್ನಡದಲ್ಲಿ 'ಸೀತಾ ರಾಮ' ಬಂತು. ಶ್ರೀಮಂತರ ಮನೆಯ ಸೊಸೆಯಾಗಿ ನೋಡಿದ್ದ ಮುಖ ಈಗ ಸಿಹಿ ಅನ್ನೋ ಪುಟ್ಟ ಮಗಳನ್ನ ಒಬ್ಬಳೇ ಸಾಕೋ, ಕೆಲಸಕ್ಕೆ ಹೋಗಿ ಬರೋ, ತಿಂಗಳ ಕೊನೆ ಲೆಕ್ಕ ಹಾಕೋ ಸೀತಾ. ಮೊದಲ ವಾರ ಕಮೆಂಟ್ ಬಾಕ್ಸ್ ತುಂಬ ಏನಿತ್ತು? "ಸನ್ನಿಧಿ ಮೇಡಂ ಬ್ಯಾಕ್", "ಸಿದ್ಧಾರ್ಥ್ ಎಲ್ಲಿ". ಆರು ವರ್ಷದ ನೆನಪನ್ನ ಎದುರಿಗಿಟ್ಟುಕೊಂಡು ಅವರು ಮತ್ತೆ ಮೊದಲ ಕಂತು ಮಾಡ್ಬೇಕಿತ್ತು. ಸ್ವಲ್ಪ ದಿನ ಕಳೆದ್ಮೇಲೆ ಅದೇ ಕಮೆಂಟ್ ಬಾಕ್ಸ್ ಸೀತಮ್ಮ, ಸಿಹಿ ಅಂತ ಮಾತಾಡೋಕೆ ಶುರು ಮಾಡ್ತು.

ಇದನ್ನ ಲಕ್ಕು ಅಂತ ಕರೀತೀರಾ? ಲಕ್ಕು ಅಂದ್ರೆ ಸುಮ್ನೆ ಬರೋದು. ಇಲ್ಲಿ ಸುಮ್ನೆ ಬಂದಿದ್ದು ಹಳೇ ಪಾತ್ರದ ಭಾರ ಮಾತ್ರ.

4/8

ಈಗ ನಿಮ್ಮ ವಾಲ್‌ಪೇಪರ್ ಬಗ್ಗೆ ಮಾತಾಡೋಣ.

ನಮ್ಮ ಬ್ಯಾಚ್‌ನಲ್ಲಿ ಅರ್ಧ ಜನರ ಫೋನಲ್ಲಿ ವಾಲ್ಟರ್ ವೈಟ್ ಇದ್ದಾನೆ. ಬ್ರಯಾನ್ ಕ್ರ್ಯಾನ್‌ಸ್ಟನ್ ಅಂದ್ರೆ ಎದ್ದು ನಿಂತು ಚಪ್ಪಾಳೆ ಹೊಡೀತೀರಿ. ಹೊಡೀರಿ, ನಾನೂ ಹೊಡೀತೀನಿ. ಆದ್ರೆ ಆ ಮನುಷ್ಯ ಯಾರು ಗೊತ್ತಾ? ಟಿವಿ ಸರಣಿಯ ನಟ. 2000ದಿಂದ 2006ರವರೆಗೆ 'ಮಾಲ್ಕಮ್ ಇನ್ ದ ಮಿಡಲ್' ಅನ್ನೋ ಕಾಮಿಡಿಯಲ್ಲಿ ಪೆದ್ದುಪೆದ್ದಾಗಿ ಆಡೋ ಅಪ್ಪನ ಪಾತ್ರ ಮಾಡಿ ಹೆಸರಾದವರು. 'ಬ್ರೇಕಿಂಗ್ ಬ್ಯಾಡ್'ಗೆ ಅವರನ್ನ ಹಾಕ್ತೀನಿ ಅಂತ ವಿನ್ಸ್ ಗಿಲ್ಲಿಗನ್ ಹೇಳಿದಾಗ ಚಾನೆಲ್‌ನವರು ಹಿಂದೆಮುಂದೆ ನೋಡಿದ್ರು. ಅವರ ಕಣ್ಣಿಗೆ ಆ ಕಾಮಿಡಿ ಅಪ್ಪ ಮಾತ್ರ ಕಾಣ್ತಿದ್ದ. ಕೊನೆಗೆ 'ಎಕ್ಸ್ ಫೈಲ್ಸ್'ನ ಒಂದು ಹಳೇ ಕಂತಲ್ಲಿ ಕ್ರ್ಯಾನ್‌ಸ್ಟನ್ ಮಾಡಿದ್ದ ಗಂಭೀರ ಪಾತ್ರವನ್ನ ತೋರಿಸಿ ಒಪ್ಪಿಸಬೇಕಾಯ್ತು. ಆಮೇಲೆ ಅದೇ ವಾಲ್ಟರ್ ವೈಟ್ ಪಾತ್ರಕ್ಕೆ ನಾಲ್ಕು ಎಮ್ಮಿ ಪ್ರಶಸ್ತಿ.

ಜೂಲಿಯಾ ಲೂಯಿ-ಡ್ರೈಫಸ್ ಕಥೆನೂ ಅಷ್ಟೇ. 'ಸೈನ್‌ಫೆಲ್ಡ್' 1998ರಲ್ಲಿ ಮುಗೀತು. ಅದರ ನಟರು ಮಾಡಿದ ಹೊಸ ಶೋಗಳು ಒಂದರ ಹಿಂದೆ ಒಂದು ಮಕಾಡೆ ಮಲಗಿದಾಗ ಅಲ್ಲಿನ ಪತ್ರಿಕೆಗಳು 'ಸೈನ್‌ಫೆಲ್ಡ್ ಶಾಪ' ಅಂತ ಹೆಸರಿಟ್ಟವು. ಆಕೆ ಮಾಡಿದ ಮೊದಲ ಪ್ರಯತ್ನವೂ ಬಿತ್ತು. ಬಿಟ್ಟುಹೋಗಲಿಲ್ಲ. ಎರಡನೇದು, 'ದ ನ್ಯೂ ಅಡ್ವೆಂಚರ್ಸ್ ಆಫ್ ಓಲ್ಡ್ ಕ್ರಿಸ್ಟೀನ್', 2006ರಲ್ಲಿ ಎಮ್ಮಿ ತಂತು. ಆಮೇಲೆ 'ವೀಪ್'ಗೆ 2012ರಿಂದ 2017ರವರೆಗೆ ಸತತ ಆರು. ಮೂರು ಬೇರೆ ಬೇರೆ ಸರಣಿ, ಮೂರಕ್ಕೂ ಪ್ರಶಸ್ತಿ.

ಅಲ್ಲಿ ಇದನ್ನ "ರೇಂಜ್" ಅಂತೀರಿ. ಇಲ್ಲಿ ಅದನ್ನೇ ಮಾಡಿದ್ರೆ "ಮತ್ತೆ ಸೀರಿಯಲ್ಲಾ" ಅಂತೀರಿ.

"ಅದಕ್ಕೂ ಇದಕ್ಕೂ ಹೋಲಿಕೆನಾ?" ಅಂತ ಯಾರೋ ಟೈಪ್ ಮಾಡ್ತಿದ್ದೀರಿ, ಗೊತ್ತು. ಬರವಣಿಗೆ ಬೇರೆ, ದುಡ್ಡು ಬೇರೆ, ಟೈಮು ಬೇರೆ, ಒಪ್ತೀನಿ. 'ಬ್ರೇಕಿಂಗ್ ಬ್ಯಾಡ್' ಐದು ಸೀಸನ್‌ಗೆ ಒಟ್ಟು 62 ಕಂತು. ನಮ್ಮ ಸೀರಿಯಲ್‌ನವರು ಅಷ್ಟನ್ನ ಮೂರು ತಿಂಗಳಲ್ಲಿ ಮುಗಿಸ್ತಾರೆ. ಎಷ್ಟೋ ಸಲ ಸೀನ್ ಪೇಪರ್ ಕೈಗೆ ಬರೋದೇ ಶೂಟಿಂಗ್ ದಿನ. ಗುರುವಾರ ಟಿಆರ್‌ಪಿ ಬಿದ್ರೆ ಕಥೆ ರಾತ್ರೋರಾತ್ರಿ ತಿರುಗುತ್ತೆ. ಇಷ್ಟು ಕಮ್ಮಿ ಅನುಕೂಲದಲ್ಲಿ ಎರಡು ಸಲ ಗೆದ್ದವರಿಗೆ ಮಾರ್ಕ್ಸ್ ಜಾಸ್ತಿ ಕೊಡ್ಬೇಕೋ ಕಮ್ಮಿ ಕೊಡ್ಬೇಕೋ?

ಇನ್ನೊಂದು ಮಾತು. ಇಂಗ್ಲಿಷ್ ಸರಣಿ ನಾವು ನಮ್ಮ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ನೋಡ್ತೀವಿ. ಕನ್ನಡ ಸೀರಿಯಲ್ಲು ಅಮ್ಮ ಹಾಲಲ್ಲಿ ತರಕಾರಿ ಹೆಚ್ಚುತ್ತಾ ನೋಡ್ತಾಳೆ. ನಿಮ್ಮ ತಾತ್ಸಾರದಲ್ಲಿ ನಟನೆ ಬಗ್ಗೆ ಎಷ್ಟಿದೆ, ಅಮ್ಮ ನೋಡೋದೆಲ್ಲಾ ಸಣ್ಣದು ಅನ್ನೋದು ಎಷ್ಟಿದೆ, ಒಂದ್ಸಲ ಬಿಡಿಸಿ ನೋಡಿ.

5/8

"ಸೀರಿಯಲ್ ಅಂದ್ರೆ ಸಿನಿಮಾಗೆ ಹೋಗೋ ಬಸ್‌ಸ್ಟಾಪ್." ಇದು ನಾವು ಬಾಯಿಪಾಠ ಮಾಡಿರೋ ಇನ್ನೊಂದು ಪಾಠ.

ಉದಾಹರಣೆ ಯಾವಾಗ್ಲೂ ಒಂದೇ: ಯಶ್. ಹೌದು, ಯಶ್ ಮತ್ತು ರಾಧಿಕಾ ಪಂಡಿತ್ 'ನಂದಗೋಕುಲ' ಸೀರಿಯಲ್‌ನಿಂದ ಬಂದವರು. 2008ರಲ್ಲಿ 'ಮೊಗ್ಗಿನ ಮನಸು', ಆಮೇಲಿನದು ಎಲ್ಲರಿಗೂ ಗೊತ್ತು. ಅದು ದೊಡ್ಡ ಪಯಣ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ನಾವು ಆ ಕಥೆಯನ್ನ ಅಳತೆಗೋಲು ಮಾಡಿಕೊಂಡಿರೋದರ ಬಗ್ಗೆ. ಯಶ್ ಹೋದ ದಾರಿಯಲ್ಲಿ ಹೋಗದೇ ಇದ್ದವರೆಲ್ಲ ಸೋತವರು ಅನ್ನೋ ಹಾಗೆ ಮಾತಾಡ್ತೀವಿ. ಸಂದರ್ಶನ ಮಾಡೋರು ಕೇಳೋ ಮೊದಲ ಪ್ರಶ್ನೆನೂ ಅದೇ: "ಸಿನಿಮಾ ಯಾವಾಗ?" ಬ್ಯಾಂಕಲ್ಲಿ ಕೆಲಸ ಮಾಡೋರನ್ನ ಯಾರಾದ್ರೂ "ಒಳ್ಳೆ ಕೆಲಸ ಯಾವಾಗ ಸಿಗುತ್ತೆ?" ಅಂತ ಕೇಳ್ತಾರಾ?

ದಾರಿ ಆ ಕಡೆಯಿಂದಲೂ ಇದೆ. 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಪಡೆದ, ರಾಜ್ಯದ ಸಚಿವೆಯೂ ಆಗಿದ್ದ ಉಮಾಶ್ರೀ 2021ರಲ್ಲಿ 'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ಗೆ ಬಂದು, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ಸಾಕೋ ಪುಟ್ಟಕ್ಕ ಆದ್ರು. ಸುಧಾರಾಣಿ 'ಶ್ರೀರಸ್ತು ಶುಭಮಸ್ತು'ಗೆ ಬಂದ್ರು. ಇವರೆಲ್ಲ ಬಸ್‌ಸ್ಟಾಪಿಗೆ ಬಂದು ನಿಂತವರಾ?

ಹಿಂದಿಯ ಪಂಕಜ್ ಕಪೂರ್ ನೋಡಿ. 1985ರಲ್ಲಿ ದೂರದರ್ಶನದಲ್ಲಿ 'ಕರಮ್‌ಚಂದ್': ಕ್ಯಾರೆಟ್ ಕಡೀತಾ ಕೇಸ್ ಬಿಡಿಸೋ ಪತ್ತೇದಾರ. ಆಮೇಲೆ ಸಿನಿಮಾದಲ್ಲಿ ರಾಷ್ಟ್ರಪ್ರಶಸ್ತಿ. ಅಲ್ಲಿಗೆ ನಿಮ್ಮ ಲೆಕ್ಕದ ಪ್ರಕಾರ ಅವರು "ಪಾಸ್" ಆದ್ರು, ವಾಪಸ್ ಬರಬಾರದಿತ್ತು. ಬಂದ್ರು. 1993ರಲ್ಲಿ 'ಜಬಾನ್ ಸಂಭಾಲ್‌ಕೆ'ಯಲ್ಲಿ ಹಿಂದಿ ಹೇಳಿಕೊಡೋ ಮೇಷ್ಟ್ರು. 2001ರಲ್ಲಿ 'ಆಫೀಸ್ ಆಫೀಸ್'ನಲ್ಲಿ ಸರ್ಕಾರಿ ಕಚೇರಿಯ ಟೇಬಲ್ಲಿಂದ ಟೇಬಲ್ಲಿಗೆ ಅಲೆಯೋ ಮುಸದ್ದಿಲಾಲ್. ಪತ್ತೇದಾರನ ಠೀವಿ ಎಲ್ಲಿ, ಕೈಕಟ್ಟಿ ನಿಲ್ಲೋ ಮುಸದ್ದಿಲಾಲ್ ಎಲ್ಲಿ! ಮೂರು ದಶಕಗಳಲ್ಲಿ ಮೂರು ಮನುಷ್ಯರು, ಒಬ್ಬನೇ ನಟ, ಮೂರೂ ಟಿವಿಯಲ್ಲಿ.

6/8

ಈಗ ನಿಮ್ಮ ಕಡೆಯ ಗಟ್ಟಿ ವಾದ. "ಎರಡನೇ ಸೀರಿಯಲ್ ಅಂತೀಯ, ಅಲ್ಲೂ ಮಾಡೋದು ಅದೇ ಅಳೋ ಪಾತ್ರ ತಾನೇ? ಸೀರೆ ಬಣ್ಣ ಬದಲಾಗಿರುತ್ತೆ ಅಷ್ಟೇ."

ಇದರಲ್ಲಿ ನಿಜ ಇದೆ, ಮುಚ್ಚಿಡಲ್ಲ. ಚಾನೆಲ್‌ಗಳಿಗೆ ಪರಿಚಯದ ಮುಖ ಬೇಕು. ಪ್ರೋಮೋದಲ್ಲಿ ಆ ಮುಖ ಕಂಡ್ರೆ ಮೊದಲ ವಾರ ಜನ ಬರ್ತಾರೆ. ಹಂಗಾಗಿ ಹಳೇ ಪಾತ್ರವನ್ನೇ ತೊಳೆದು ಇಸ್ತ್ರಿ ಮಾಡಿ ಹೊಸ ಹೆಸರಲ್ಲಿ ಕೊಡೋದು ನಡೀತಾನೇ ಇದೆ. 2025ರಲ್ಲಿ ಝೀ ಕನ್ನಡದಲ್ಲಿ ಶುರುವಾದ 'ಕರ್ಣ' ನೋಡಿ. ಹೀರೋ ಕಿರಣ್ ರಾಜ್, 'ಕನ್ನಡತಿ'ಯ ಹರ್ಷ. ಜೊತೆಗೆ 'ಗೀತಾ' ಸೀರಿಯಲ್‌ನ ಭವ್ಯಾ ಗೌಡ, 'ಪುಟ್ಟಗೌರಿ ಮದುವೆ' ಮತ್ತು 'ನಾಗಿಣಿ 2'ರ ನಮ್ರತಾ ಗೌಡ. ಮೂವರೂ ಬೇರೆ ಕಡೆ ಗೆದ್ದು ಬಂದವರು. ಇದು ಪಕ್ಕಾ ಲೆಕ್ಕಾಚಾರದ ಆಯ್ಕೆ.

ಆದ್ರೆ ಪರಿಚಯದ ಮುಖ ಜನರನ್ನ ಎಷ್ಟು ದಿನ ಕೂರಿಸುತ್ತೆ? ಒಂದು ವಾರ, ಹೆಚ್ಚಂದ್ರೆ ಎರಡು. ಹಳೇ ಸೀರಿಯಲ್ ನೆನಪಿಗೆ ಬಂದವರು ಹಳೇದು ಸಿಗಲಿಲ್ಲ ಅಂತ ಎದ್ದು ಹೋಗ್ತಾರೆ. ಮೂರನೇ ವಾರ ಕೂತಿರೋರು ಹೊಸ ಪಾತ್ರಕ್ಕೆ ಕೂತವರು. ಹರ್ಷನ ನೆನಪಲ್ಲಿ ಟಿವಿ ಹಾಕಿದವರು ಡಾಕ್ಟರ್ ಕರ್ಣನ ಹೆಸರು ಹೇಳ್ತಾ ಊಟ ಮಾಡ್ತಿದ್ದಾರೆ ಅಂದ್ರೆ ಮಧ್ಯೆ ಏನೋ ಕೆಲಸ ನಡೆದಿದೆ.

ಒಂದೇ ಪಾತ್ರವನ್ನ ಬೇರೆ ಬೇರೆ ಕಡೆ ತಗೊಂಡು ಹೋಗಿ ಗೆದ್ದವರೂ ಇದ್ದಾರೆ. ಟಿ.ಎನ್. ಸೀತಾರಾಂ ಅವರ ವಕೀಲ ಸಿ.ಎಸ್.ಪಿ.ಯನ್ನ ನಮ್ಮ ಅಪ್ಪ-ಅಮ್ಮ 'ಮುಕ್ತ'ದ ಕಾಲದಲ್ಲಿ ನೋಡಿದ್ರು, 2018ರಲ್ಲಿ ಬಂದ 'ಮಗಳು ಜಾನಕಿ'ಯಲ್ಲಿ ನಾವು ನೋಡಿದ್ವಿ. ಕೋಟು ಅದೇ, ಕೋರ್ಟು ಅದೇ. ಆದ್ರೆ ಪ್ರತಿ ಸಲ ಎದುರಿಗಿರೋ ಪ್ರಶ್ನೆ ಬೇರೆ, ಆ ಕಾಲದ ಸಮಾಜ ಬೇರೆ. ಬರೆದವರೂ ಅವರೇ, ನಿರ್ದೇಶಿಸಿದವರೂ ಅವರೇ ಆದ್ದರಿಂದ ಪಾತ್ರಕ್ಕೆ ವಯಸ್ಸಾಗೋಕೆ ಬಿಟ್ರು.

ಹಂಗಾಗಿ ನನ್ನ ಅಳತೆ ಇಷ್ಟು: ಮುಖ ವಾಪಸ್ ಬಂದ ಮಾತ್ರಕ್ಕೆ ಗೆಲುವಲ್ಲ. ನೋಡೋರು ಹಳೇ ಹೆಸರನ್ನ ಬಿಟ್ಟು ಹೊಸ ಹೆಸರನ್ನ ಕರೆಯೋಕೆ ಶುರು ಮಾಡಿದ್ರೆ ಗೆಲುವು. ಅದೇ ಪಾತ್ರ ಪುನಃ ಮಾಡಿದವರನ್ನ ಟೀಕೆ ಮಾಡಿ, ಬೇಡ ಅನ್ನಲ್ಲ. ಆದ್ರೆ ನೋಡಿ ಟೀಕೆ ಮಾಡಿ. ಮೂವತ್ತು ಸೆಕೆಂಡ್ ಟ್ರೋಲ್ ರೀಲ್ ನೋಡಿ ಮೂರು ವರ್ಷದ ಕೆಲಸಕ್ಕೆ ತೀರ್ಪು ಕೊಡಬೇಡಿ.

7/8

ಇಲ್ಲಿವರೆಗೆ ಎರಡನೇ ಸಲ ಗೆದ್ದವರ ಮಾತಾಯ್ತು. ಎರಡನೇ ಅವಕಾಶವೇ ಸಿಗದವರು?

ಹೀರೋಯಿನ್ ಆಗಿ ಒಂದು ಸೀರಿಯಲ್ ಗೆದ್ದು, ನಾಲ್ಕು ವರ್ಷ ಅದರಲ್ಲೇ ಕಳೆದು, ಅದು ಮುಗಿದಾಗ ಎಷ್ಟು ಜನರಿಗೆ ಮತ್ತೆ ಮುಖ್ಯ ಪಾತ್ರ ಬರುತ್ತೆ? ಹೀರೋಗೆ ವಯಸ್ಸಾದ್ರೂ ಹೀರೋನೇ. ಹೀರೋಯಿನ್‌ಗೆ ಅತ್ತಿಗೆ, ಆಮೇಲೆ ಅಮ್ಮ. ಅದಕ್ಕೇ ರೂಪಾಲಿ ಗಂಗೂಲಿ ಗೆಲುವು ನನಗೆ ದೊಡ್ಡದು. 2002ರಲ್ಲಿ 'ಸಂಜೀವನಿ'ಯ ಡಾಕ್ಟರ್ ಸಿಮ್ರನ್, 2004ರಲ್ಲಿ 'ಸಾರಾಭಾಯ್ ವರ್ಸಸ್ ಸಾರಾಭಾಯ್'ನ ಮೋನಿಷಾ, ಅತ್ತೆಯ ಹೈ ಸೊಸೈಟಿ ಮನೆಯಲ್ಲಿ ಒಂದೊಂದು ರೂಪಾಯಿ ಉಳಿಸೋ ಸೊಸೆ. ಹದಿನಾರು ವರ್ಷ ಆದ್ಮೇಲೆ, 2020ರಲ್ಲಿ, 43ನೇ ವಯಸ್ಸಿನಲ್ಲಿ 'ಅನುಪಮಾ'ದ ಮುಖ್ಯ ಪಾತ್ರ. ಬೆಳೆದ ಮಕ್ಕಳ ತಾಯಿಯೇ ಕಥೆಯ ನಾಯಕಿ. ಅಂಥ ಪಾತ್ರ ಬರೆದ್ರೆ ಜನ ನೋಡ್ತಾರೆ ಅಂತ ಅದು ತೋರಿಸ್ತು. ಬರೆಯೋರು ಎಷ್ಟು ಜನ ಇದ್ದಾರೆ?

ಮತ್ತೆ ಪೋಷಕ ಪಾತ್ರದವರು. ಅಮ್ಮ, ಅತ್ತೆ, ಮಾವ, ಮನೆಕೆಲಸದವರು ಆಗಿ ಹತ್ತು ಸೀರಿಯಲ್ ಗೆಲ್ಲಿಸಿದವರಿದ್ದಾರೆ. 'ಕನ್ನಡತಿ'ಯಲ್ಲಿ ಚಿತ್ಕಳಾ ಬಿರಾದಾರ್ ಅವರ ಅಮ್ಮಮ್ಮ ಇಲ್ಲದಿದ್ರೆ ಹರ್ಷ-ಭುವಿ ಕಥೆಗೆ ಬುಡವೇ ಇರ್ತಿರಲಿಲ್ಲ. ನಾವು ಎಡಿಟ್ ಮಾಡೋ ರೀಲ್ಸಲ್ಲಿ ಇಂಥವರು ಇರೋದು ಹೀರೋ ಹಿಂದೆ ಬ್ಲರ್ ಆಗಿ.

ಪ್ರಶಸ್ತಿ ಕಥೆ ಇನ್ನೂ ಚೆನ್ನ. ಕಲರ್ಸ್ ಕನ್ನಡದವರು 'ಅನುಬಂಧ' ಕೊಡ್ತಾರೆ, ಅವರ ಸೀರಿಯಲ್‌ನವರಿಗೆ. ಝೀ ಕನ್ನಡದವರು 'ಕುಟುಂಬ' ಕೊಡ್ತಾರೆ, ಅವರ ಸೀರಿಯಲ್‌ನವರಿಗೆ. ನಮ್ಮನೆ ಮಕ್ಕಳಿಗೆ ನಾವೇ ಪ್ರೈಜ್ ಕೊಟ್ಟ ಹಾಗೆ. ಅದು ಹಬ್ಬ, ಇರಲಿ, ಸಂತೋಷ. ಆದ್ರೆ ಒಂದು ಚಾನೆಲಲ್ಲಿ ಗೆದ್ದು ಇನ್ನೊಂದು ಚಾನೆಲ್‌ಗೆ ಹೋಗಿ ಅಲ್ಲೂ ಗೆದ್ದವರನ್ನ ಈ ವೇದಿಕೆಗಳು ಹೇಗೆ ಅಳೀತವೆ? ಅಲ್ಲಿ ಹಳೇ ಗೆಲುವು ಎದುರು ಮನೆಯ ವಿಷಯ.

ಕೊನೆಗೆ ನಾವು. ಪಾತ್ರ ಕೆಟ್ಟದಾದ್ರೆ ನಟಿಯ ಪೇಜಿಗೆ ಹೋಗಿ ಅವರ ಅಪ್ಪ-ಅಮ್ಮನನ್ನೂ ಸೇರಿಸಿ ಬೈತೀವಿ. ಜೋಡಿ ಇಷ್ಟ ಆದ್ರೆ ಅವರ ಸ್ವಂತ ಮದುವೆ ಫೋಟೋ ಕೆಳಗೆ ಹಳೇ ಸೀರಿಯಲ್ ಜೋಡಿಯ ಹೆಸರು ಹಾಕ್ತೀವಿ. ಆ ಮದುಮಗಳಿಗೆ, ಆ ಮದುಮಗನಿಗೆ ಹೇಗನ್ನಿಸುತ್ತೆ? ಆಮೇಲೆ ನಾವೇ "ಇವರು ಆ ಪಾತ್ರದಿಂದ ಹೊರಗೇ ಬರಲಿಲ್ಲ" ಅಂತ ವಿಮರ್ಶೆ ಬರೀತೀವಿ. ಬಾಗಿಲಿಗೆ ಬೀಗ ಹಾಕಿದ್ದು ಯಾರು?

8/8

ಸರಿ, ಏನು ಮಾಡ್ಬೇಕು? ದೊಡ್ಡದೇನೂ ಕೇಳ್ತಿಲ್ಲ.

ಒಂದು. ನಟರ ಹೆಸರು ಕಲಿತುಕೊಳ್ಳಿ. ರೀಲ್ ಹಾಕುವಾಗ ಪಾತ್ರದ ಹೆಸರಿನ ಪಕ್ಕ ಅವರ ಹೆಸರೂ ಹಾಕಿ. ಎರಡು ಪದ ಟೈಪ್ ಮಾಡಿದ್ರೆ ಬೆರಳು ಸವೆಯಲ್ಲ.

ಎರಡು. ಹೊಸ ಸೀರಿಯಲ್‌ನ ಮೊದಲ ಪ್ರೋಮೋ ಕೆಳಗೆ ಹಳೇ ಪಾತ್ರದ ಹೆಸರು ಬರೆಯೋದು ನಿಲ್ಲಿಸಿ. ನಿಮಗೆ ಅದು ಪ್ರೀತಿ ಇರಬಹುದು. ಅವರಿಗೆ ಅದು ಹೊಸ ಕೆಲಸದ ಮೊದಲ ದಿನವೇ "ಹಳೇ ಕೆಲಸದಲ್ಲೇ ಚೆನ್ನಾಗಿದ್ರಿ" ಅಂತ ಕೇಳಿದ ಹಾಗೆ.

ಮೂರು. ಟೀಕೆ ಮಾಡಿ, ಜೋರಾಗಿ ಮಾಡಿ. ಕಥೆ ಎಳೆದ್ರೆ ಬರಹಗಾರರನ್ನ ಕೇಳಿ, ಚಾನೆಲ್‌ನ ಕೇಳಿ. ಬರೆದುಕೊಟ್ಟಿದ್ದನ್ನ ಮಾಡೋ ನಟಿಯ ಇನ್‌ಬಾಕ್ಸ್‌ಗೆ ಹೋಗಬೇಡಿ.

ನಾಲ್ಕು. "ಸಿನಿಮಾ ಯಾವಾಗ?" ಅನ್ನೋ ಬದಲು "ಮುಂದಿನ ಪಾತ್ರ ಏನು?" ಅಂತ ಕೇಳಿ. ಅದು ಸಿನಿಮಾ ಆಗಿರಬಹುದು, ಸೀರಿಯಲ್ ಆಗಿರಬಹುದು, ನಾಟಕ ಆಗಿರಬಹುದು. ರಂಜನಿ ರಾಘವನ್ 2021ರಲ್ಲಿ 'ಕತೆ ಡಬ್ಬಿ' ಅಂತ ಕಥೆಗಳ ಪುಸ್ತಕವನ್ನೇ ತಂದ್ರು, 'ಕನ್ನಡತಿ' ಓಡ್ತಿರುವಾಗಲೇ. ಮುಂದಿನದು ಯಾವ ಕಡೆಯಿಂದ ಬರುತ್ತೆ ಅಂತ ನಾವ್ಯಾಕೆ ಮೊದಲೇ ಗೆರೆ ಹಾಕಬೇಕು?

ಐದು. ಇವತ್ತು ರಾತ್ರಿ ಊಟದ ಹೊತ್ತಲ್ಲಿ ಅಮ್ಮನ ಪಕ್ಕ ಕೂತು ಒಂದು ಕಂತು ನೋಡಿ. ಫೋನ್ ಕೆಳಗಿಟ್ಟು. ಆಮೇಲೆ ಅಮ್ಮನನ್ನ ಕೇಳಿ, "ಈಕೆ ಮುಂಚೆ ಯಾವುದರಲ್ಲಿ ಮಾಡಿದ್ರು?" ಅಂತ. ಅಮ್ಮ ಇಸವಿ ಸಮೇತ ಹೇಳ್ತಾಳೆ. ಯಾವ ಸೀರಿಯಲ್, ಯಾವ ಚಾನೆಲ್, ಆಗ ಯಾರ ಸೊಸೆ ಆಗಿದ್ರು, ಅದರಲ್ಲಿ ಚೆನ್ನಾಗಿತ್ತೋ ಇದರಲ್ಲೋ, ಎಲ್ಲ. ನಾವು "ರೇಂಜ್" ಅನ್ನೋ ಪದ ಇಟ್ಕೊಂಡು ಓಡಾಡ್ತೀವಲ್ಲ, ಅದರ ಪಕ್ಕಾ ಲೆಕ್ಕ ಅವಳ ಹತ್ರ ಇದೆ. ನಾವು ಕೇಳಿಲ್ಲ ಅಷ್ಟೇ.

ನಿಮ್ಮ ಪ್ರಕಾರ ಎರಡು ಸೀರಿಯಲ್‌ನಲ್ಲಿ, ಎರಡು ಬೇರೆ ಮನುಷ್ಯರಾಗಿ ಗೆದ್ದವರು ಯಾರು? ನಟರ ಹೆಸರು, ಎರಡೂ ಪಾತ್ರದ ಹೆಸರು ಕಮೆಂಟ್ ಮಾಡಿ. ಅಮ್ಮನನ್ನ ಕೇಳಿ ಬರೆದ್ರೆ ಅದನ್ನೂ ಹೇಳಿ, ಅವರ ಕಮೆಂಟನ್ನ ಪಿನ್ ಮಾಡ್ತೀನಿ. "ಸೀರಿಯಲ್ ಯಾರ್ ನೋಡ್ತಾರೆ" ಅಂತ ಬರೆಯೋರಿಗೂ ಸ್ವಾಗತ. ಎಂಟನೇ ಪೋಸ್ಟ್‌ವರೆಗೆ ಬಂದಿದ್ದೀರಿ ಅಂದ್ರೆ ನೀವೂ ನೋಡ್ತೀರಿ, ಬಿಡಿ.

#ಕನ್ನಡಸೀರಿಯಲ್ #ಎರಡನೇಇನ್ನಿಂಗ್ಸ್ #ಕನ್ನಡತಿ #ಸೀತಾರಾಮ #ಅಮ್ಮನಟಿವಿಟೈಮ್